ಲೋಹವನ್ನು ಅದಿರಿನಿಂದ ಬಿಡಿಸುವ ಬಗೆ

ಕೇಳುಗರಿಗೆ ನಮಸ್ಕಾರ.

ಚಿನ್ನ ನೆಲದಲ್ಲಿ ಚಿನ್ನವಾಗಿಯೇ ಸಿಗುತ್ತದೆ. ಅಲ್ಯೂಮಿನಿಯಂ ಹಾಗೆ ಸಿಗುವುದಿಲ್ಲ. ಲೋಹ ಎಷ್ಟು ಕ್ರಿಯಾಶೀಲವೋ ಆಕ್ಸಿಜನ್ನನ್ನೋ ಕ್ಲೋರಿನ್ನನ್ನೋ ಅಷ್ಟು ಬಿಗಿಯಾಗಿ ಹಿಡಿದಿರುತ್ತದೆ. ಬಿಡಿಸುವ ಖರ್ಚೂ ಅಷ್ಟೇ ಹೆಚ್ಚು. ಆದ್ದರಿಂದ ಕ್ರಿಯಾಶೀಲತೆಯ ಸರಣಿಯಲ್ಲಿ, ಅಂದರೆ ಹೆಚ್ಚು ಕ್ರಿಯಾಶೀಲವಾದುದನ್ನು ಮೇಲಿಟ್ಟ ಪಟ್ಟಿಯಲ್ಲಿ, ಕಾರ್ಬನ್ ಎಲ್ಲಿದೆ ಎಂದು ಮೊದಲು ನೋಡಬೇಕು. ತನಗಿಂತ ಕೆಳಗಿರುವ ಲೋಹಗಳಿಂದ ಅದು ಆಕ್ಸಿಜನ್ನನ್ನು ಕಿತ್ತುಕೊಳ್ಳಬಲ್ಲದು. ಅದರ ಜಾಗ ಅಲ್ಯೂಮಿನಿಯಂಗಿಂತ ಕೆಳಗೆ, ಸತುವಿಗಿಂತ ಮೇಲೆ.

ಸರಣಿಯ ತಳದಲ್ಲಿರುವ ಪಾದರಸಕ್ಕೆ ಕಾರ್ಬನ್ ಕೂಡ ಬೇಡ. ಅದರ ಅದಿರು ಸಿನ್ನಬಾರ್ ಒಂದು ಸಲ್ಫೈಡ್, ಅಂದರೆ ಗಂಧಕದ ಜೊತೆ ಕೂಡಿದ ಸಂಯುಕ್ತ. ಗಾಳಿಯಾಡುವಂತೆ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಗಂಧಕ ಸಲ್ಫರ್ ಡೈಆಕ್ಸೈಡ್ ಆಗುತ್ತದೆ, ಪಾದರಸ ಆವಿಯಾಗಿ ಹೊರಬರುತ್ತದೆ. ಆ ಆವಿಯನ್ನು ತಣಿಸಿ ಹಿಡಿಯಬೇಕು. ಅದು ವಿಷ, ಸೋರಿಕೆಗೆ ಜಾಗವೇ ಇರಬಾರದು.

ನಡುವಿನ ಲೋಹಗಳಲ್ಲಿ ಕಬ್ಬಿಣದ ಕಥೆ ಎಲ್ಲರಿಗೂ ಗೊತ್ತು: ಊದುಕುಲುಮೆ, ಕೋಕ್ (ಕಲ್ಲಿದ್ದಲಿನಿಂದ ಮಾಡಿದ, ಬಹುಪಾಲು ಕಾರ್ಬನ್ನೇ ಆದ ಇಂಧನ), ಮರಳಿನ ಅಂಶವನ್ನು ಕಿಟ್ಟವಾಗಿ ಇಳಿಸಲು ಸುಣ್ಣಕಲ್ಲು. ನಿಜವಾದ ಪರೀಕ್ಷೆ ಸತುವಿನದು. ಅದರ ಸಲ್ಫೈಡನ್ನು ಮೊದಲು ಗಾಳಿಯಲ್ಲಿ ಹುರಿದು ಆಕ್ಸೈಡ್ ಮಾಡಬೇಕು, ಏಕೆಂದರೆ ಕಾರ್ಬನ್‌ಗೆ ಆಕ್ಸಿಜನ್ ಮೇಲಿರುವ ಸೆಳೆತ ಗಂಧಕದ ಮೇಲಿಲ್ಲ. ಹುರಿದದ್ದು ಅರೆಬರೆಯಾದರೆ, ಗಂಧಕದ ಜೊತೆ ಉಳಿದ ಸತು ನಷ್ಟವೇ. ಆಕ್ಸೈಡನ್ನು ಕೋಕ್ ಜೊತೆ 1000 ಡಿಗ್ರಿ ದಾಟಿಸಿ ಕಾಯಿಸಿದರೆ ಸತು ಬಿಡುಗಡೆಯಾಗುತ್ತದೆ. ಆದರೆ ಸತು ಕುದಿಯುವುದು 907 ಡಿಗ್ರಿಗೆ. ಹಾಗಾಗಿ ಕುಲುಮೆಯ ತಳದಲ್ಲಿ ದ್ರವ ಸಿಗುವುದಿಲ್ಲ, ಮೇಲಿನಿಂದ ಆವಿ ಬರುತ್ತದೆ. ನಿಧಾನವಾಗಿ ತಣಿಸಿದರೆ ಜೊತೆಗಿರುವ ಕಾರ್ಬನ್ ಡೈಆಕ್ಸೈಡ್ ಅದನ್ನು ಮತ್ತೆ ಆಕ್ಸೈಡ್ ಮಾಡಿಬಿಡುತ್ತದೆ. ಅದಕ್ಕೇ ಆಧುನಿಕ ಕುಲುಮೆಗಳಲ್ಲಿ ಆವಿಯ ಮೇಲೆ ಕರಗಿದ ಸೀಸದ ಹನಿಗಳನ್ನು ಎರಚಿ ಥಟ್ಟನೆ ತಣಿಸುತ್ತಾರೆ. 419 ಡಿಗ್ರಿಗಿಂತ ಕೆಳಗೆ ಇಳಿಸಿದರೂ ಕಷ್ಟ. ಸತು ದ್ರವವಾಗಿ ಕೂಡದೆ ಪುಡಿಯಾಗುತ್ತದೆ.

ಈ ತಾಪತ್ರಯದ ಕಾರಣಕ್ಕೂ ಸೇರಿ, ಇಂದು ಬಹುಪಾಲು ಸತುವನ್ನು ಆಕ್ಸೈಡನ್ನು ಗಂಧಕಾಮ್ಲದಲ್ಲಿ ಕರಗಿಸಿ ವಿದ್ಯುದ್ವಿಭಜನೆಯಿಂದ, ಅಂದರೆ ದ್ರಾವಣದಲ್ಲಿ ವಿದ್ಯುತ್ ಹಾಯಿಸಿ, ತೆಗೆಯುತ್ತಾರೆ. ಅಲ್ಲಿ ಶುದ್ಧಿಯೇ ಮುಖ್ಯ. ದ್ರಾವಣದಲ್ಲಿ ಕೋಬಾಲ್ಟ್, ನಿಕಲ್ ಉಳಿದರೆ ಸತು ಬಂದು ಕೂರುವ ಋಣಾಗ್ರದಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಕೂತ ಸತುವೂ ಮರಳಿ ಕರಗುತ್ತದೆ. ಮದ್ದು ಸರಣಿಯಲ್ಲೇ ಇದೆ: ಸತುವಿನ ಪುಡಿ ಹಾಕಿದರೆ, ಅದಕ್ಕಿಂತ ಕಡಿಮೆ ಕ್ರಿಯಾಶೀಲವಾದ ತಾಮ್ರ, ಕ್ಯಾಡ್ಮಿಯಂ ಲೋಹವಾಗಿ ಬೇರ್ಪಡುತ್ತವೆ. ಕೋಬಾಲ್ಟ್ ಹಠಮಾರಿ, ದ್ರಾವಣ ಬಿಸಿಮಾಡಿ ಆಂಟಿಮನಿಯಂಥದನ್ನು ಸೇರಿಸದೆ ಕದಲುವುದಿಲ್ಲ.

ಅಲ್ಯೂಮಿನಿಯಂ ಕಾರ್ಬನ್‌ಗಿಂತ ಮೇಲಿದೆ. ಕಾರ್ಬನ್ನಿಂದ ಬಿಡಿಸಹೊರಟರೆ 2000 ಡಿಗ್ರಿ ದಾಟಬೇಕು, ಆಗಲೂ ಲೋಹದಲ್ಲಿ ಕಾರ್ಬೈಡ್ (ಕಾರ್ಬನ್ ಜೊತೆಗಿನ ಸಂಯುಕ್ತ) ಸೇರಿಕೊಳ್ಳುತ್ತದೆ. ನೀರಿನ ದ್ರಾವಣದಲ್ಲಿ ವಿದ್ಯುತ್ ಹಾಯಿಸಿದರೆ ಸಿಗುವುದು ಹೈಡ್ರೋಜನ್. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಬೇರೆಬೇರೆಯಾಗಿ ಕಂಡುಕೊಂಡ ದಾರಿಯೇ ಇಂದಿಗೂ ದಾರಿ: ಶುದ್ಧ ಅಲ್ಯೂಮಿನಾವನ್ನು (ಅಲ್ಯೂಮಿನಿಯಂ ಆಕ್ಸೈಡ್) ಕರಗಿದ ಕ್ರಯೋಲೈಟ್ ಎಂಬ ಫ್ಲೋರಿನ್‌ಯುಕ್ತ ಲವಣದಲ್ಲಿ ಸುಮಾರು 960 ಡಿಗ್ರಿಯಲ್ಲಿ ಕರಗಿಸಿ, 4ರಿಂದ 5 ವೋಲ್ಟ್‌ನಲ್ಲಿ ವಿಭಜಿಸುವುದು. ಕಿಲೋಗೆ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ವಿದ್ಯುತ್ ಒಳಹೋಗುವ ಕಾರ್ಬನ್ ಧನಾಗ್ರವೂ ಸುಮಾರು 400 ಗ್ರಾಂ ಉರಿದುಹೋಗುತ್ತದೆ. ಅಲ್ಯೂಮಿನಾ ಪ್ರಮಾಣ ಶೇಕಡಾ 2ರ ಆಸುಪಾಸಿಗೆ ಇಳಿದರೆ ಧನಾಗ್ರದ ಸುತ್ತ ಅನಿಲದ ಪೊರೆ ಕಟ್ಟಿ, ವೋಲ್ಟೇಜ್ 30ಕ್ಕೂ ಮೇಲೆ ಜಿಗಿಯುತ್ತದೆ, ಫ್ಲೋರಿನ್‌ಯುಕ್ತ ಹಸಿರುಮನೆ ಅನಿಲಗಳು ಹೊರಬೀಳುತ್ತವೆ. ಆಗ ಅಲ್ಯೂಮಿನಾ ಸುರಿದು, ಧನಾಗ್ರವನ್ನು ಇಳಿಸಿ ಪೊರೆಯನ್ನು ಒಡೆಯಬೇಕು.