ನೀರೇ ಬೀಳದ ಕೋಡಿ

ಕೇಳುಗರಿಗೆ ನಮಸ್ಕಾರ.

ಕೆರೆ ಕೋಡಿ ಬಿತ್ತು ಅಂದರೆ ಕೇಳುವುದಕ್ಕೇ ಖುಷಿ, ಅಲ್ವಾ? ಇವತ್ತು ನಾನು ಮಾತಾಡುವುದು ನೀರೇ ಬೀಳದ ಕೋಡಿಯ ಬಗ್ಗೆ.

ಎಷ್ಟೋ ದೊಡ್ಡ ಅಣೆಕಟ್ಟುಗಳಿಗೆ ಎರಡು ಕೋಡಿ ಇರುತ್ತವೆ. ಗೇಟು ಎತ್ತಿ ನೀರು ಬಿಡುವುದು ಮುಖ್ಯ ಕೋಡಿಯಲ್ಲಿ. ಇನ್ನೊಂದು ತುರ್ತು ಕೋಡಿ. ಅದು ಪಕ್ಕದಲ್ಲೆಲ್ಲೋ, ಸ್ವಲ್ಪ ಎತ್ತರದಲ್ಲಿ ಇರುತ್ತದೆ. ಮುಖ್ಯ ಕೋಡಿಗೆ ಮೀರಿದ ಪ್ರವಾಹ ಬಂದರೆ ನೀರು ತಾನಾಗಿಯೇ ಅದರ ಮೇಲಿಂದ ಹೋಗಬೇಕು. ಅಂಥ ದಿನ ಐವತ್ತು ವರ್ಷವಾದರೂ ಬರದೇ ಇರಬಹುದು. ಅಷ್ಟರಲ್ಲಿ ಅಲ್ಲಿ ಪೊದೆ ಬೆಳೆದು, ಬೇರು ಇಳಿದು, ಅದು ಕೋಡಿ ಅನ್ನುವುದೇ ಮರೆತುಹೋಗಿರುತ್ತದೆ.

ಕ್ಯಾಲಿಫೋರ್ನಿಯಾದ ಓರೊವಿಲ್ ಅಣೆಕಟ್ಟು ಅಮೆರಿಕದಲ್ಲೇ ಅತಿ ಎತ್ತರದ್ದು. ಕಟ್ಟಿ ಮುಗಿಸಿದ್ದು 1968ರಲ್ಲಿ. 2017ರ ಫೆಬ್ರವರಿ 7ರಂದು ಅದರ ಮುಖ್ಯ ಕೋಡಿಯ ಕಾಂಕ್ರೀಟ್ ಹಾಸು ಕಿತ್ತು, ದೊಡ್ಡ ಗುಂಡಿ ಬಿತ್ತು. ಅಲ್ಲಿ ನೀರು ಬಿಡುವುದನ್ನು ಕಡಿಮೆ ಮಾಡಿದರು. ಜಲಾಶಯ ತುಂಬಿತು. 11ರಂದು ತುರ್ತು ಕೋಡಿಯಲ್ಲಿ ಮೊದಲ ಸಲ ನೀರು ಹರಿಯಿತು. ಮೇಲಿನ ಗೋಡೆ ಕಾಂಕ್ರೀಟಿನದು, ಕೆಳಗೆ ಬರೀ ಗುಡ್ಡದ ಇಳಿಜಾರು. ಆ ಕೋಡಿ ತಾಳುತ್ತದೆ ಎಂದು ಲೆಕ್ಕ ಹಾಕಿದ್ದ ನೀರಿನಲ್ಲಿ ಇಪ್ಪತ್ತರಲ್ಲೊಂದು ಪಾಲೂ ಬಂದಿರಲಿಲ್ಲ. ಅಷ್ಟಕ್ಕೇ ಇಳಿಜಾರು ಕೊಚ್ಚಿಹೋಯಿತು. ಕೊರಕಲು ಮೇಲಮೇಲಕ್ಕೆ, ಗೋಡೆಯ ಬುಡದತ್ತ ಬರತೊಡಗಿತು. ಮರುದಿನ 1,80,000ಕ್ಕೂ ಜಾಸ್ತಿ ಜನ ಮನೆ ಬಿಟ್ಟು ಹೊರಡಬೇಕಾಯಿತು. ಆಮೇಲೆ ಕಿತ್ತುಹೋದ ಮುಖ್ಯ ಕೋಡಿಯಲ್ಲೇ ಜಾಸ್ತಿ ನೀರು ಬಿಟ್ಟು ಮಟ್ಟ ಇಳಿಸಿದರು. ಹೆಸರಿಗೆ ತುರ್ತು ಕೋಡಿ, ತುರ್ತಿಗೆ ಒದಗಿದ್ದು ಮುರಿದ ಕೋಡಿ!

ಕಾಂಕ್ರೀಟ್ ಹಾಸು ಕಿತ್ತಿದ್ದು ಹೇಗೆ? ಬಿರುಕುಗಳಲ್ಲಿ, ಸಂದುಗಳಲ್ಲಿ ನೀರು ಅಡಿಗೆ ನುಗ್ಗಿ, ಹಾಸನ್ನು ಕೆಳಗಿನಿಂದ ಎತ್ತಿಬಿಟ್ಟಿತು. ಅಡಿ ಪೊಳ್ಳಾಗಿದೆಯಾ ಅಂತ ಮೊದಲೇ ತಿಳಿಯಲು ಒಂದು ಹಳೇ ಉಪಾಯ ಇದೆ. ಸುತ್ತಿಗೆ ಹಿಡಿದು ತಟ್ಟುತ್ತಾ ಹೋಗುವುದು. ಗಟ್ಟಿ ಇದ್ದ ಕಡೆ 'ಟಣ್' ಅನ್ನುತ್ತದೆ. ಪೊಳ್ಳಾಗಿದ್ದರೆ 'ಡಬ್'. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಈಗ ರಾಡಾರ್ ಬಂದಿದೆ. ಆದರೂ ಸುತ್ತಿಗೆ ಕೆಳಗಿಟ್ಟಿಲ್ಲ.

ಮಣ್ಣಿನ ಅಣೆಕಟ್ಟಾದರೆ ಏರಿಯ ಬುಡ ನೋಡಬೇಕು. ಅಲ್ಲಿ ಒಂದಿಷ್ಟು ನೀರು ಜಿನುಗುವುದು ಸಹಜ. ಅದನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಾರೆ. ತಿಳಿಯಾಗಿದ್ದು, ಪ್ರಮಾಣವೂ ಏರದಿದ್ದರೆ ಸಮಾಧಾನ. ಕದಡಿದ್ದರೆ ಒಳಗಿನ ಮಣ್ಣು ನೀರಿನ ಜೊತೆ ಹೊರಟಿದೆ ಅಂತ ಅರ್ಥ. ಆ ರಾತ್ರಿ ಇಂಜಿನಿಯರಿಗೆ ನಿದ್ದೆ ಇಲ್ಲ.

ರಿಪೇರಿ ಅಂದರೆ ನೀರು ಖಾಲಿ ಮಾಡಿ ಕೆಲಸ ಶುರು ಮಾಡುವುದು ಅಂತ ಸುಮ್ನೆ ಅಂದುಕೊಳ್ಳುತ್ತೇವೆ. ಕುಡಿಯುವ ನೀರಿನ ಅಣೆಕಟ್ಟಿಗೆ ಆ ಭಾಗ್ಯ ಇಲ್ಲ. ನಲ್ಲಿಯಲ್ಲಿ ದಿನಾ ನೀರು ಬರಬೇಕು. ಇಳಿಸಿದರೂ ಮೆಲ್ಲಗೆ ಇಳಿಸಬೇಕು. ಗಡಿಬಿಡಿಯಲ್ಲಿ ಇಳಿಸಿದರೆ, ನೆನೆದು ಭಾರವಾದ ಏರಿಗೆ ಒಳಬದಿಯಲ್ಲಿ ನೀರಿನ ಆಸರೆ ತಪ್ಪಿ ಅದು ಜರಿಯಬಹುದು. ಹಾಗಾಗಿ ತೂಬಿನ ಸುತ್ತ ಮರೆಗಟ್ಟೆ, ಅಂದರೆ ನೀರು ತಡೆಯುವ ತಾತ್ಕಾಲಿಕ ಕಟ್ಟೆ ಕಟ್ಟಿ, ಮುಳುಗುಗಾರರನ್ನು ಇಳಿಸಿ, ಬದಲಿ ಪೈಪು ಹಾಕಿ, ನೀರು ಇಟ್ಟುಕೊಂಡೇ ಕೆಲಸ ಮಾಡುತ್ತಾರೆ.

ಇನ್ನು ಕೋಡಿಯ ಅಗಲ. ಹಳೇ ಅಣೆಕಟ್ಟುಗಳನ್ನು ಕೆಲವೇ ವರ್ಷಗಳ ಮಳೆ ಲೆಕ್ಕ ಇಟ್ಟುಕೊಂಡು ಕಟ್ಟಿದ್ದುಂಟು. ಈಗ ಲೆಕ್ಕ ಹಾಕಿದರೆ ಕೋಡಿ ಸಾಲದು. ಅಗಲ ಮಾಡೋಣ ಅಂದರೆ ಪಕ್ಕದಲ್ಲಿ ಬಂಡೆ. ಅದಕ್ಕೆ ಕಂಡುಕೊಂಡ ದಾರಿ ನನಗಂತೂ ತುಂಬಾ ಇಷ್ಟ. ನೇರ ಗೋಡೆಯ ಬದಲು ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾದ ಗೋಡೆ ಕಟ್ಟುವುದು. ಜಾಗ ಅಷ್ಟೇ, ಆದರೆ ನೀರು ದಾಟುವ ಅಂಚು ಹಲವು ಪಟ್ಟು ಉದ್ದ. ಗೇಟು ಬೇಡ, ಕರೆಂಟು ಬೇಡ, ನಡುರಾತ್ರಿ ಯಾರೂ ಓಡಿಹೋಗಿ ಬಟನ್ ಒತ್ತಬೇಕಾಗಿಲ್ಲ.

ಓರೊವಿಲ್‌ನಲ್ಲಿ ತುರ್ತು ಕೋಡಿಯ ಕೆಳಗೆ ದಪ್ಪ ಕಾಂಕ್ರೀಟ್ ಹಾಸು ಹಾಕಿದರು. ಇನ್ನೂ ಕೆಳಗೆ, ಕೊರಕಲು ಮೇಲೆ ಹತ್ತದ ಹಾಗೆ, ಬಂಡೆಯವರೆಗೆ ಕಾಂಕ್ರೀಟ್ ಕಂಬಗಳನ್ನು ಒತ್ತೊತ್ತಾಗಿ ಇಳಿಸಿ ಗೋಡೆ ಮಾಡಿದರು. ಎಲ್ಲ ಸೇರಿ ನೂರು ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು. 2019ರ ಏಪ್ರಿಲ್‌ನಲ್ಲಿ ಹೊಸ ಮುಖ್ಯ ಕೋಡಿಯಲ್ಲಿ ನೀರು ಹರಿಯಿತು. ತುರ್ತು ಕೋಡಿ ಅವತ್ತು ಒಣಗಿಯೇ ಇತ್ತು.