ತಾಮ್ರದಲ್ಲಿ ಕೊರೆದ ಬಿಸಿಲು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಚಿತ್ರದ ಮಾತು. ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ 1514ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ ‘ಓದುಕೋಣೆಯಲ್ಲಿ ಸಂತ ಜೆರೋಮ್’. ಎತ್ತರ ಸುಮಾರು 25 ಸೆಂಟಿಮೀಟರ್, ಅಗಲ 19. ಅಷ್ಟೇ.

ಜೆರೋಮ್ ಬೈಬಲ್ಲನ್ನು ಲ್ಯಾಟಿನ್ನಿಗೆ ತಂದವರು. ಕೋಣೆಯ ಒಳತುದಿಯಲ್ಲಿ ತಲೆ ಬಗ್ಗಿಸಿ ಬರೆಯುತ್ತಿದ್ದಾರೆ. ಎಡಗಡೆಯ ಕಿಟಕಿಯಿಂದ ಬಿಸಿಲು ಬಂದಿದೆ. ಆ ಬಿಸಿಲನ್ನು ನೋಡಿ. ಅಲ್ಲಿ ಬಣ್ಣವಿಲ್ಲ, ಬಿಳಿ ಮಸಿಯೂ ಇಲ್ಲ. ಅದು ಡ್ಯೂರರ್ ಕೊರೆಯದೆ ಬಿಟ್ಟ ಜಾಗ, ಬರಿಯ ಕಾಗದ!

ಮುಂದೆ ಒಂದು ಸಿಂಹ ಮಲಗಿದೆ. ಅದರ ಕತೆ ಹೇಳಲೇಬೇಕು. ಬೆತ್ಲೆಹೇಮಿನ ಮಠಕ್ಕೆ ಒಂದು ಸಂಜೆ ಕುಂಟುತ್ತಾ ಸಿಂಹ ಬಂತಂತೆ. ಉಳಿದವರೆಲ್ಲ ಓಡಿದರು. ಜೆರೋಮ್ ಮನೆಗೆ ಬಂದ ನೆಂಟನನ್ನು ಕರೆದ ಹಾಗೆ ಕರೆದು, ಪಂಜ ತೊಳೆಸಿ, ಗಾಯಕ್ಕೆ ಆರೈಕೆ ಮಾಡಿಸಿದರು. ಸಿಂಹ ಅಲ್ಲೇ ಉಳಿಯಿತು. ಸೌದೆ ಹೊರುವ ಕತ್ತೆಯನ್ನು ಮೇಯಿಸಿಕೊಂಡು ಬರುವುದು ಅದರ ಕೆಲಸ. ಒಂದು ದಿನ ಸಿಂಹಕ್ಕೆ ನಿದ್ದೆ ಹತ್ತಿತು, ದಾರಿಹೋಕ ವ್ಯಾಪಾರಿಗಳು ಕತ್ತೆಯನ್ನು ಹೊಡೆದುಕೊಂಡು ಹೋದರು. ನೀನೇ ತಿಂದೆ ಎಂದು ಮಠದವರು ಸಿಂಹದ ಬೆನ್ನಿಗೇ ಸೌದೆ ಹೇರಿದರು. ಪಾಪ, ಹೊತ್ತಿತು! ಕೊನೆಗೆ ಒಂದು ದಿನ ಅದೇ ವ್ಯಾಪಾರಿಗಳ ಸಾಲಿನಲ್ಲಿ ಕತ್ತೆಯನ್ನು ಗುರುತಿಸಿ, ಒಂಟೆಗಳ ಸಮೇತ ಎಲ್ಲವನ್ನೂ ಮಠಕ್ಕೆ ಅಟ್ಟಿಕೊಂಡು ಬಂತು. ಡ್ಯೂರರನ ಚಿತ್ರದಲ್ಲಿ ಅದು ನಾಯಿಯ ಪಕ್ಕ ತೂಕಡಿಸುತ್ತಿದೆ.

ಸಮಯ ಸಾಲದು, ಬೇಗ ಹೇಳುತ್ತೇನೆ. ಚೂಪು ಉಳಿಯಿಂದ, ನೇಗಿಲು ಉತ್ತ ಹಾಗೆ, ತಾಮ್ರದಲ್ಲಿ ಗೆರೆ ತೆಗೆಯುತ್ತಾರೆ. ಗೆರೆಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಒತ್ತುತ್ತಾರೆ. ಗೆರೆ ಒತ್ತಾದರೆ ನೆರಳು, ವಿರಳವಾದರೆ ಬೆಳಕು. ಬೂದು ಬಣ್ಣ ಅನ್ನುವುದು ಅಲ್ಲಿ ಇಲ್ಲವೇ ಇಲ್ಲ.

ಕಿಟಕಿಕಟ್ಟೆಯ ತಲೆಬುರುಡೆಗೆ ಏನರ್ಥ, ಮರಳು ಗಡಿಯಾರಕ್ಕೆ ಏನರ್ಥ ಎಂದು ಎಲ್ಲರೂ ಕೇಳುತ್ತಾರೆ. ಸಾವು, ಕಾಲ, ಮುಗಿಯಿತು. ದಯವಿಟ್ಟು ಮೊದಲು ಬಿಸಿಲು ನೋಡಿ. ಕಿಟಕಿಯ ದುಂಡು ಗಾಜುಗಳ ಬಿಂಬ ಪಕ್ಕದ ಗೋಡೆಯ ಮೇಲೆ ಉಂಗುರ ಉಂಗುರವಾಗಿ ಬಿದ್ದಿದೆ. ಚಿತ್ರ ಸಿಕ್ಕಿದರೆ ಭೂತಗನ್ನಡಿ ಹಿಡಿದು ಅಲ್ಲಿಂದಲೇ ಶುರು ಮಾಡಿ. ನಮಸ್ಕಾರ.