ನೋಟ್‌ಪ್ಯಾಡ್‌ನಲ್ಲಿ ಮೊದಲ ಕನ್ನಡ ವೆಬ್ ಪುಟ: ಈ ಒಂದು ಸಾಲು ಬಿಡಬೇಡಿ

[ಪರದೆ: ಖಾಲಿ ನೋಟ್‌ಪ್ಯಾಡ್]

ನಮಸ್ಕಾರ. ಇವತ್ತು ಒಂದು ವೆಬ್ ಪುಟ ಮಾಡೋಣ, ಅದೂ ಕನ್ನಡದಲ್ಲಿ. ವಿಂಡೋಸ್ ಜೊತೆಗೇ ಬರುವ ನೋಟ್‌ಪ್ಯಾಡ್ ಸಾಕು. ವರ್ಡ್ ಬೇಡ. ನೀವು ಬರೆದದ್ದರ ಜೊತೆ ಅದು ತನ್ನ ಅಲಂಕಾರವನ್ನೂ ಸೇರಿಸಿ ಉಳಿಸುತ್ತದೆ. ನಮಗೆ ಬೇಕಾದ್ದು ಬರೀ ಅಕ್ಷರ.

ಏನು ಬರೆಯೋಣ? ನಾನು ನುಚ್ಚಿನುಂಡೆ ಮಾಡುವ ಬಗೆ ಬರೆಯುತ್ತೇನೆ. ನೀವು ನಿಮಗೆ ಚೆನ್ನಾಗಿ ಗೊತ್ತಿರುವುದನ್ನು ಬರೆಯಿರಿ.

[ಪರದೆ: ತಲೆಬರಹದ ಸಾಲು ಟೈಪ್ ಆಗುತ್ತಿದೆ]

ಇದು ತಲೆಬರಹ, ಇದು ಪ್ಯಾರಾ ಅಂತ ಬ್ರೌಸರ್‌ಗೆ ತಿಳಿಸುವ ಗುರುತೇ ಟ್ಯಾಗ್. ಕಾಮಾ ಮತ್ತು ಫುಲ್‌ಸ್ಟಾಪ್ ಕೀಗಳ ಮೇಲೆ ಚೂಪು ಗುರುತುಗಳಿವೆ, ನೋಡಿ. ಅವುಗಳ ನಡುವೆ 'ಎಚ್ 1' ಬರೆದರೆ ದೊಡ್ಡ ತಲೆಬರಹ, 'ಪಿ' ಬರೆದರೆ ಪ್ಯಾರಾ. ಮುಗಿಸುವಾಗ ಅದೇ ಟ್ಯಾಗ್, ಒಳಗೆ ಒಂದು ಓರೆಗೆರೆ ಜಾಸ್ತಿ. ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದ ಜಗತ್ತಿನ ಮೊದಲ ವೆಬ್ ಪುಟದ ತಲೆಬರಹಕ್ಕೂ ಇದೇ 'ಎಚ್ 1' ಇದೆ. ಆ ಪುಟ ಇವತ್ತಿನ ಬ್ರೌಸರ್‌ನಲ್ಲೂ ತೆರೆಯುತ್ತದೆ.

ಟ್ಯಾಗ್ ಇಂಗ್ಲಿಷ್‌ನಲ್ಲಿ, ಒಳಗಿನ ಮಾತು ಕನ್ನಡದಲ್ಲಿ. ಕೀಬೋರ್ಡ್ ಭಾಷೆ ಬದಲಿಸಲು ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ.

[ಪರದೆ: ಪೂರ್ತಿ ಕೋಡ್. ಎರಡು ಕಡೆ ಹಳದಿ ಬಣ್ಣ]

ಪೂರ್ತಿ ಪುಟ ಇಷ್ಟೇ. ವಿಡಿಯೋ ನಿಲ್ಲಿಸಿ ನೋಡಿಕೊಂಡು ಬರೆಯಿರಿ. ಮೇಲೆ 'ಹೆಡ್', ಅಂದರೆ ಬ್ರೌಸರ್‌ಗೆ ಹೇಳುವ ವಿಷಯ. ಕೆಳಗೆ 'ಬಾಡಿ', ಅಂದರೆ ಓದುಗರಿಗೆ ಕಾಣುವ ಭಾಗ. ಹಳದಿ ಹಚ್ಚಿದ ಎರಡು ಕಡೆ ಸ್ವಲ್ಪ ನಿಲ್ಲೋಣ.

ಮೊದಲನೆಯದು 'ಲ್ಯಾಂಗ್', ಅದರ ಬೆಲೆ 'ಕೆಎನ್'. ಈ ಪುಟ ಕನ್ನಡದ್ದು ಎಂದು ಹೇಳುವುದು ಇದು. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್, ಯಾವ ದನಿಯಲ್ಲಿ ಓದಬೇಕೆಂದು ಇದನ್ನು ನೋಡಿ ತಿಳಿಯುತ್ತದೆ.

ಎರಡನೆಯದು 'ಮೆಟಾ ಚಾರ್‌ಸೆಟ್', ಅದರ ಬೆಲೆ 'ಯುಟಿಎಫ್-8'. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಬೈಟ್‌ಗಳಾಗಿ, ಅಂದರೆ ಪುಟ್ಟ ಪುಟ್ಟ ಸಂಖ್ಯೆಗಳಾಗಿ, ಉಳಿಸುವ ಒಂದು ಬಗೆ ಇದು. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ನಮ್ಮ 'ಕ' ಅಕ್ಷರಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಈ ಸಾಲು ಇಲ್ಲದಿದ್ದರೆ ಬ್ರೌಸರ್ ಆ ಮೂರನ್ನೂ ಬೇರೆ ಬೇರೆ ಅಕ್ಷರ ಅಂದುಕೊಳ್ಳಬಹುದು.

[ಪರದೆ: ಕೆಟ್ಟುಹೋದ ಪುಟ]

ನೋಡಿ, ಒಂದು 'ಕ' ಹೋಗಿ ಮೂರು ಗುರುತು ಬಂದಿವೆ: ನೆತ್ತಿಯ ಮೇಲೆ ಓರೆಗೀಟು ಇರುವ ಇಂಗ್ಲಿಷ್ 'ಎ', ಮೇಲಕ್ಕೇರಿದ ಪುಟ್ಟ 2, ದಪ್ಪ ಚುಕ್ಕಿ. ನಿಮ್ಮ ಕಂಪ್ಯೂಟರ್‌ನಲ್ಲಿ ಬ್ರೌಸರ್ ಊಹೆ ಮಾಡಿ ಸರಿಯಾಗೇ ತೋರಿಸಬಹುದು. ಆ ಊಹೆಯನ್ನು ನಂಬಬೇಡಿ. ಅದೇ ಪುಟ ಸರ್ವರ್‌ಗೆ, ಅಂದರೆ ಪುಟಗಳನ್ನು ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಕೊಡುವ ಕಂಪ್ಯೂಟರ್‌ಗೆ, ಹೋದಾಗ ಹೀಗೆ ಒಡೆಯಬಹುದು.

ಇನ್ನು ಉಳಿಸೋಣ. 'ಸೇವ್ ಆ್ಯಸ್' ಒತ್ತಿ. ಹೆಸರು 'ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್'. ಕೆಳಗೆ 'ಆಲ್ ಫೈಲ್ಸ್' ಆರಿಸಿ, ಇಲ್ಲದಿದ್ದರೆ ಹೆಸರಿನ ಕೊನೆಗೆ 'ಡಾಟ್ ಟಿಎಕ್ಸ್‌ಟಿ' ಸೇರಿಕೊಳ್ಳಬಹುದು. ಪಕ್ಕದ 'ಎನ್‌ಕೋಡಿಂಗ್' ಜಾಗದಲ್ಲಿ ಯುಟಿಎಫ್-8 ಇದೆಯಾ ನೋಡಿ. ಹೊಸ ನೋಟ್‌ಪ್ಯಾಡ್‌ನಲ್ಲಿ ತಾನಾಗೇ ಇರುತ್ತದೆ. ಹಳೆಯದರಲ್ಲಿ 'ಆನ್ಸಿ' ಎಂಬ ಹಳೆಯ ಬಗೆ ಇರುತ್ತದೆ. ಆನ್ಸಿಯಲ್ಲಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನೆಗುರುತಾಗುತ್ತದೆ, ಫೈಲ್ ಮುಚ್ಚಿದ ಮೇಲೆ ವಾಪಸ್ ಬರುವುದಿಲ್ಲ. ನಾನು ಹೀಗೆ ಒಂದು ಸಂಜೆಯ ಬರವಣಿಗೆ ಕಳೆದುಕೊಂಡಿದ್ದೇನೆ. ನಿಮಗೆ ಹಾಗಾಗಬಾರದು.

ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಸುಮ್ನೆ ತಂದು ಅಂಟಿಸಬೇಡಿ. ಅಲ್ಲಿ ಕನ್ನಡದ ಆಕಾರ ಮಾತ್ರ ಇರುತ್ತದೆ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಬದಲಿಸಿ ಆಮೇಲೆ ಹಾಕಿ. ಆಗಲೇ ನಿಮ್ಮ ನುಚ್ಚಿನುಂಡೆ ಕನ್ನಡದಲ್ಲಿ ಹುಡುಕುವವರಿಗೆ ಸಿಗುತ್ತದೆ.

[ಪರದೆ: ಫೈಲ್ ಮೇಲೆ ಡಬಲ್ ಕ್ಲಿಕ್, ಬ್ರೌಸರ್‌ನಲ್ಲಿ ನುಚ್ಚಿನುಂಡೆ ಪುಟ]

ಬಂತು, ಅಲ್ವಾ? ಸಬ್ಬಸಿಗೆ ಸೊಪ್ಪು ಬರೆಯುವುದು ಬಿಟ್ಟುಹೋಗಿದೆ. ನೋಟ್‌ಪ್ಯಾಡ್‌ನಲ್ಲಿ ಸೇರಿಸಿ, ಉಳಿಸಿ, ಬ್ರೌಸರ್‌ಗೆ ಬಂದು ಎಫ್5 ಒತ್ತಿ.

ಈಗ ಕನ್ನಡ ವಿಕಿಪೀಡಿಯದ ಯಾವುದಾದರೂ ಪುಟ ತೆರೆದು ಕಂಟ್ರೋಲ್ ಹಿಡಿದು 'ಯು' ಒತ್ತಿ. ಕೋಡ್ ರಾಶಿ ನೋಡಿ ಗಾಬರಿಯಾಗಬೇಡಿ. ಮೇಲಿನ ಕೆಲವೇ ಸಾಲು ಓದಿ. 'ಲ್ಯಾಂಗ್', 'ಕೆಎನ್'. ಅದರ ಕೆಳಗೆ 'ಮೆಟಾ ಚಾರ್‌ಸೆಟ್'. ಈಗಷ್ಟೇ ನೀವು ಬರೆದ ಸಾಲುಗಳು.